ಸೊಸೆಗೆ ಎಂಎಸ್ ಎಂದು ಗೊತ್ತಾಗಿದೆ, ಮನೆಯವರು ಹೇಗೆ ನಡೆದುಕೊಳ್ಳಬೇಕು?

ಪ್ರಶ್ನೆ (ನಿವೃತ್ತ ಶಿಕ್ಷಕಿ, ಚಿತ್ರದುರ್ಗ): ನಮಸ್ಕಾರ ಡಾಕ್ಟರೇ. ನನ್ನ ಸೊಸೆಗೆ 29 ವರ್ಷ. ದೀಪಾವಳಿಯ ಹೊತ್ತಿಗೆ ಅವಳ ಬಲಗಣ್ಣಿನಲ್ಲಿ ನೋವು ಕಾಣಿಸಿಕೊಂಡು ದೃಷ್ಟಿ ಮಂಜಾಯಿತು. ಕಣ್ಣಿನ ನರಕ್ಕೆ ಊತ ಬಂದಿದೆಯೆಂದು ಇಲ್ಲಿ ಹೇಳಿದರು; ಎಂಆರ್‌ಐ ಆದ ಮೇಲೆ ಬೆಂಗಳೂರಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಖಚಿತಪಡಿಸಿದರು. ಸ್ಟೀರಾಯ್ಡ್ ಡ್ರಿಪ್ ಕೊಟ್ಟ ಮೇಲೆ ದೃಷ್ಟಿ ಬಹುಪಾಲು ಮರಳಿದೆ. ಈಗ ದಿನಕ್ಕೆರಡು ಬಾರಿ ಡೈಮಿಥೈಲ್ ಫ್ಯೂಮರೇಟ್ ಕ್ಯಾಪ್ಸೂಲ್ ನಡೆಯುತ್ತಿದೆ. ನೋಡುವವರಿಗೆ ಆರೋಗ್ಯವಾಗಿಯೇ ಕಾಣುತ್ತಾಳೆ, ಆದರೆ ಮಧ್ಯಾಹ್ನವಾದರೆ ಮಲಗಲೇಬೇಕು ಎನ್ನುತ್ತಾಳೆ. ಮೊನ್ನೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಕಣ್ಣು ಮತ್ತೆ ಮಂಜಾಯಿತೆಂದು ಕೋಲು ಬಿಟ್ಟು ಕುಳಿತಳು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಗುಣವಾದ ಮೇಲೆ ಇಷ್ಟು ದುಬಾರಿ ಔಷಧಿ ಏಕೆ, ನಾಟಿ ಔಷಧಿ ಕೊಡಿಸಿ ಎಂದು ನೆಂಟರು ಹೇಳುತ್ತಿದ್ದಾರೆ. ನಿಲ್ಲಿಸಬಹುದೇ? ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಿದೆಯೇ?

ಉತ್ತರ (ನರರೋಗ ತಜ್ಞ, ದಾವಣಗೆರೆ): ಅಮ್ಮಾ, ಮುದ್ದೆಯ ಪ್ರಸಂಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎಂಎಸ್ ಬಂದ ಮನೆಗಳಲ್ಲಿ ಭಯಕ್ಕೂ ಮನಸ್ತಾಪಕ್ಕೂ ಹೆಚ್ಚಾಗಿ ಕಾರಣವಾಗುವುದು ಇಂಥ ಘಟನೆಗಳೇ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ತಂತುಗಳನ್ನು ಸುತ್ತಿರುವ ಮೈಲಿನ್ ಎಂಬ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಊತ ಇಳಿದು ದೃಷ್ಟಿ ಮರಳಿದರೂ ಹೊದಿಕೆ ಪೂರ್ತಿ ಮೊದಲಿನಂತಾಗುವುದಿಲ್ಲ. ಮೈ ಕಾವು ಸ್ವಲ್ಪ ಏರಿದರೂ ಆ ನರದಲ್ಲಿ ಸಂದೇಶ ಸಾಗುವುದು ತಡವಾಗುತ್ತದೆ ಅಥವಾ ತಡೆಯುತ್ತದೆ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಇದನ್ನು 1890ರಲ್ಲಿಯೇ ವಿವರಿಸಿದ್ದರು. ಮೈ ತಂಪಾದರೆ ದೃಷ್ಟಿ ತಿಳಿಯಾಗುತ್ತದೆ. ಇದರಿಂದ ನರಕ್ಕೆ ಹೊಸ ಹಾನಿಯಾಗುವುದಿಲ್ಲ. ನಿಮ್ಮ ಸೊಸೆ ಕೋಲು ಬಿಟ್ಟು ಕುಳಿತದ್ದು ಸರಿಯಾದ ಕೆಲಸ.

ಇದಕ್ಕೂ ಕಾಯಿಲೆ ನಿಜವಾಗಿ ಮರುಕಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೆಲ್ಲರೂ ತಿಳಿದಿರಬೇಕು. ಜ್ವರವಾಗಲಿ ಸೋಂಕಾಗಲಿ ಇಲ್ಲದೆ, ಹೊಸದಾಗಿ ಕೈಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ವಸ್ತುಗಳು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು ಇವುಗಳಲ್ಲಿ ಯಾವುದಾದರೂ 24 ಗಂಟೆ ದಾಟಿ ಉಳಿದರೆ ವೈದ್ಯರಿಗೆ ತಿಳಿಸಿ. ಮೂತ್ರದ ಸೋಂಕಿನಿಂದಲೂ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ತಲೆಯೆತ್ತುವುದುಂಟು. ಆದ್ದರಿಂದ ಮತ್ತೆ ಸ್ಟೀರಾಯ್ಡ್ ಕೊಡುವ ಮೊದಲು ಮೂತ್ರ ಪರೀಕ್ಷೆ ಮಾಡಿಸುವುದು ವಾಡಿಕೆ.

ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ನೆನಪಿನಲ್ಲಿಟ್ಟುಕೊಂಡು ದಿನಚರಿಯನ್ನು ಬದಲಿಸಿಕೊಳ್ಳಿ: ಒಲೆಯ ಕೆಲಸ ಬೆಳಗ್ಗೆಯೇ ಮುಗಿಯಲಿ, ಅಡುಗೆಮನೆಗೊಂದು ಫ್ಯಾನ್ ಇರಲಿ, ಸ್ನಾನಕ್ಕೆ ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರಾಗಲಿ, ಕತ್ತಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಳ್ಳಲಿ. ಹಾಗೆಂದು ಅವಳನ್ನು ಅಡುಗೆಮನೆಯಿಂದಲೇ ದೂರವಿಡಬೇಡಿ; ಯಾವ ಕೆಲಸ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವಳೇ ಹೇಳಲಿ.

ಮಧ್ಯಾಹ್ನದ ದಣಿವಿನ ಬಗ್ಗೆ ನನಗೆ ಬಹಳ ಕಳಕಳಿಯಿದೆ. ಇದು ಸೋಮಾರಿತನವಲ್ಲ, ಎಂಎಸ್‌ನಲ್ಲಿ ಅತ್ಯಂತ ಸಾಮಾನ್ಯವಾದ ಲಕ್ಷಣಗಳಲ್ಲಿ ಇದೂ ಒಂದು, ಮತ್ತು ಮುಖ ನೋಡಿ ಇದನ್ನು ಅಳೆಯಲಾಗದು. ಅವಳು ದಣಿವಾಗಿದೆ ಎಂದರೆ ನಂಬಿ. ಅದರ ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆಗಳನ್ನೂ ಮಾಡಿಸಿ, ನಿದ್ರೆ ಹೇಗಿದೆ, ಮನಸ್ಸು ಕುಗ್ಗಿದೆಯೇ ಎಂದೂ ವಿಚಾರಿಸಿ, ಏಕೆಂದರೆ ಇವು ದಣಿವನ್ನು ಹೆಚ್ಚಿಸುತ್ತವೆ ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ಬೆಳಗಿನ ತಂಪಿನಲ್ಲಿ ನಿತ್ಯ ನಡೆಯುವುದು ಒಳ್ಳೆಯದು.

ಔಷಧಿಯನ್ನು ನಿಲ್ಲಿಸಬೇಡಿ. ಈ ಕ್ಯಾಪ್ಸೂಲ್ ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಮುಂದಿನ ದಾಳಿಗಳನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಅವಳು ಚೆನ್ನಾಗಿರುವುದನ್ನೇ ನಿಲ್ಲಿಸಲು ಕಾರಣವಾಗಿ ನೋಡಬಾರದು. ಹೊರಗೆ ಯಾವ ಲಕ್ಷಣವೂ ಇಲ್ಲದಿರುವಾಗ ಮೆದುಳಿನಲ್ಲಿ ಹೊಸ ಕಲೆಗಳು ಮೂಡಬಹುದು. ಆಗಾಗ ಎಂಆರ್‌ಐ ಮಾಡಿಸುವುದು ಅದಕ್ಕಾಗಿಯೇ. ಕ್ಯಾಪ್ಸೂಲನ್ನು ಊಟದೊಂದಿಗೆ ತೆಗೆದುಕೊಂಡರೆ ಮುಖ ಕೆಂಪೇರುವುದೂ ಹೊಟ್ಟೆಯ ತೊಂದರೆಯೂ ಕಡಿಮೆಯಾಗುತ್ತವೆ. ಬಿಳಿರಕ್ತಕಣಗಳಲ್ಲಿ ಲಿಂಫೋಸೈಟ್‌ಗಳು ತೀರ ಇಳಿಯದಂತೆ ನೋಡಿಕೊಳ್ಳಲು ಕಾಲಕಾಲಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಯಾರಾದರೂ ಕೊಡುವ ಔಷಧಿಯನ್ನು ಚಿಕಿತ್ಸೆ ನೀಡುವ ವೈದ್ಯರನ್ನು ಕೇಳದೆ ಕೊಡಬೇಡಿ. ಇಲ್ಲಿ ತೊಂದರೆ ಕೊಡುತ್ತಿರುವುದು ಆ ವ್ಯವಸ್ಥೆಯೇ.

ಅಕ್ವಾಪೊರಿನ್-4 ಪ್ರತಿಕಾಯದ ರಕ್ತಪರೀಕ್ಷೆ ಆಗಿದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ಕಣ್ಣಿನ ನರಕ್ಕೇ ಬರುವ, ಎಂಎಸ್‌ನಂತೆ ತೋರುವ ಇನ್ನೊಂದು ಕಾಯಿಲೆಯಿದೆ; ಅದನ್ನು ಗುರುತಿಸಲು ಈ ಪರೀಕ್ಷೆ ನೆರವಾಗುತ್ತದೆ. ಎಂಎಸ್‌ಗೆ ಕೊಡುವ ಕೆಲವು ಔಷಧಿಗಳಿಂದ ಅದು ಉಲ್ಬಣಿಸುತ್ತದೆ.

ಮಕ್ಕಳಾಗುವುದಕ್ಕೆ ಎಂಎಸ್ ಅಡ್ಡಿಯಲ್ಲ. ಗರ್ಭಧಾರಣೆಯ ಕೊನೆಯ ಮೂರು ತಿಂಗಳು ದಾಳಿಗಳು ಕಡಿಮೆಯಾಗುತ್ತವೆ, ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹೆಚ್ಚುತ್ತವೆ. ಬಾಣಂತನದಲ್ಲಿ ಮನೆಯವರ ನೆರವು ಬೇಕಾಗುವುದು ಆಗಲೇ. ಯಾವ ಔಷಧಿಯನ್ನು ಯಾವಾಗ ಬದಲಿಸಬೇಕೆಂಬುದನ್ನು ಗರ್ಭ ಧರಿಸುವ ಮೊದಲೇ ನಿರ್ಧರಿಸಬೇಕಾದ್ದರಿಂದ ಮಗ, ಸೊಸೆ ಇಬ್ಬರೂ ವೈದ್ಯರ ಬಳಿಗೆ ಹೋಗಲಿ. ತಾಯಿಗೆ ಎಂಎಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರರಷ್ಟು ಮಾತ್ರ.

ಪ್ರಶ್ನೆ (ಒಬ್ಬ ತಂದೆ, ದಾವಣಗೆರೆ): ಸರ್, ನನ್ನ ಮಗಳಿಗೂ ಇದೇ ಕಾಯಿಲೆ. ಗಂಡು ನೋಡುತ್ತಿದ್ದೇವೆ. ಸದ್ಯಕ್ಕೆ ಹೇಳದಿದ್ದರಾಗದೇ? ಅಂಗವಿಕಲರ ಕಾರ್ಡ್ ಮಾಡಿಸಿದರೆ ಎಲ್ಲರಿಗೂ ತಿಳಿಯುತ್ತದೆಂಬ ಆತಂಕವೂ ಇದೆ.

ಉತ್ತರ: ಯಾರಿಗೆ, ಯಾವಾಗ ಹೇಳಬೇಕೆಂಬ ತೀರ್ಮಾನ ನಿಮ್ಮ ಮಗಳದು, ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಮದುವೆಯಾಗುವ ಹುಡುಗನಿಂದ ಮುಚ್ಚಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮುಚ್ಚಿಟ್ಟು ಮದುವೆಯಾದ ಹೆಣ್ಣುಮಗಳು ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ರಕ್ತಪರೀಕ್ಷೆಗೆ ತವರಿನ ನೆಪ ಹೇಳಬೇಕಾಗುತ್ತದೆ, ಕೊನೆಗೆ ಔಷಧಿಯನ್ನೇ ಬಿಡುತ್ತಾಳೆ. ಹುಡುಗ ಒಪ್ಪಿದರೆ ಅವನನ್ನೂ ಕರೆದುಕೊಂಡು ಬನ್ನಿ, ಅವನ ಪ್ರಶ್ನೆಗಳಿಗೆ ನಾನೇ ಉತ್ತರಿಸುತ್ತೇನೆ.

ಕಾರ್ಡಿನ ವಿಷಯ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಎಂಎಸ್ ಕೂಡ ಸೇರಿದೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ವೈಕಲ್ಯವಿದೆಯೆಂಬ ಪ್ರಮಾಣಪತ್ರ ಬೇಕು. ಮಗಳಿಗೆ ಈಗ ನಡಿಗೆ, ದೃಷ್ಟಿ ಎರಡೂ ಚೆನ್ನಾಗಿದ್ದರೆ ಅವಸರವಿಲ್ಲ. ಅಗತ್ಯ ಬಿದ್ದಾಗ ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡ್) ಅರ್ಜಿಯ ಜೊತೆಗೆ ಎಂಆರ್‌ಐ ವರದಿ, ಡಿಸ್ಚಾರ್ಜ್ ಸಾರಾಂಶಗಳನ್ನೆಲ್ಲ ತೋರಿಸಬೇಕಾಗುತ್ತದೆ, ಹಾಗಾಗಿ ಅವನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಡುತ್ತ ಬನ್ನಿ.