ಹಳೆಯ ಸ್ಕಾರ್ಪಿಯೋ ಇಟ್ಟುಕೊಳ್ಳುವುದೇ, ಸ್ಕಾರ್ಪಿಯೋ-ಎನ್ ಕೊಳ್ಳುವುದೇ? ಅನುಭವವಿದ್ದವರು ತಿಳಿಸಿ

ಕೇಳಿದವರು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಮಹೀಂದ್ರ ಕಂಪನಿಯ 2015ರ ಸ್ಕಾರ್ಪಿಯೋ ಇದೆ. 2.2 ಲೀಟರಿನ ಎಂಹಾಕ್ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್. ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರಿನ ಆಸುಪಾಸು ಓಡಿದೆ, ಈವರೆಗೆ ನಡುದಾರಿಯಲ್ಲಿ ಕೈಕೊಟ್ಟಿಲ್ಲ. ದಿನನಿತ್ಯ ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಏಳೆಂಟು ಕಿಲೋಮೀಟರಿನ ಓಡಾಟ. ತಿಂಗಳಿಗೊಮ್ಮೆ ಬೆಂಗಳೂರು, ಆಗೀಗ ಚಾರ್ಮಾಡಿ ಇಳಿದು ಮಂಗಳೂರು. ಈಚೆಗೆ ಶಾಕ್ ಅಬ್ಸಾರ್ಬರ್‌ಗಳು ಸೋತಿವೆ, ಕ್ಲಚ್ ಭಾರವಾಗಿದೆ, ಎಸಿಯ ತಂಪು ಸಾಲದು. ಮಗ, ಸೊಸೆ ಮತ್ತು ಮೂರು ವರ್ಷದ ಮೊಮ್ಮಗಳು ರಜೆಯಲ್ಲಿ ನಮ್ಮೊಡನೆ ಪ್ರಯಾಣ ಮಾಡುತ್ತಾರೆ. ಸ್ಕಾರ್ಪಿಯೋ-ಎನ್ ಡೀಸೆಲ್ ಫೋರ್ ವೀಲ್ ಡ್ರೈವ್ ನೋಡಿಕೊಂಡು ಬಂದಿದ್ದೇವೆ. ಸ್ವಲ್ಪ ಸಾಲ ಮಾಡಿದರೆ ಹಣ ಹೊಂದುತ್ತದೆ. ಆದರೆ ಸರಿಯಾಗಿ ಓಡುತ್ತಿರುವುದನ್ನು ಕೊಟ್ಟುಬಿಡುವುದು ಜಾಣತನವೇ ಎಂಬ ಅನುಮಾನ ಬಿಡುತ್ತಿಲ್ಲ. ಎರಡನ್ನೂ ಓಡಿಸಿದವರು ದಯವಿಟ್ಟು ಹೇಳಬೇಕು.

ಸಕಲೇಶಪುರದಿಂದ

ಸರ್, 2014ರಲ್ಲಿ ಹೊಸ ಚಾಸಿಯ (ತಳದ ಚೌಕಟ್ಟಿನ) ಸ್ಕಾರ್ಪಿಯೋ ಬಂದ ಹೊಸದರಲ್ಲೇ ಕೊಂಡವನು ನಾನು. ಆಮೇಲೆ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಸ್ಕಾರ್ಪಿಯೋ-ಎನ್ ತೆಗೆದುಕೊಂಡೆ. ಎರಡೂ ನಮ್ಮ ಅಂಗಳದಲ್ಲೇ ನಿಲ್ಲುತ್ತವೆ, ಎರಡನ್ನೂ ಓಡಿಸುತ್ತಿದ್ದೇನೆ. ಆದ್ದರಿಂದ ಹೋಲಿಸಿ ಹೇಳಬಲ್ಲೆ.

ಹೆಸರು ಒಂದೇ ಆದರೂ ಇವು ಒಂದೇ ವಾಹನದ ಹಳತು ಹೊಸತುಗಳಲ್ಲ. 2022ರ ಜೂನ್‌ನಲ್ಲಿ ಎನ್ ಬಂದಾಗ ಕಂಪನಿಯು ಹಳೆಯದನ್ನು ನಿಲ್ಲಿಸಲಿಲ್ಲ. ಎರಡು ತಿಂಗಳ ನಂತರ ಸ್ಕಾರ್ಪಿಯೋ ಕ್ಲಾಸಿಕ್ ಎಂದು ಕರೆದು ಬೇರೆಯಾಗಿ ಮಾರತೊಡಗಿತು. ನಿಮ್ಮ ವಾಹನದ ನಿಜವಾದ ಉತ್ತರಾಧಿಕಾರಿ ಆ ಕ್ಲಾಸಿಕ್, ಆದರೆ ಅದರಲ್ಲಿ ಫೋರ್ ವೀಲ್ ಡ್ರೈವ್ ಕೊಟ್ಟಿಲ್ಲವಾದ್ದರಿಂದ ತೋಟದವರಿಗೆ ಆ ದಾರಿ ಮುಚ್ಚಿದೆ. ಎನ್ ಬೇರೆಯದೇ ಚಾಸಿಯ ಮೇಲೆ ಕಟ್ಟಿದ ವಾಹನ. ಉದ್ದದಲ್ಲಿ ಸುಮಾರು 20 ಸೆಂಟಿಮೀಟರ್, ಅಗಲದಲ್ಲಿ ಸುಮಾರು 10 ಸೆಂಟಿಮೀಟರ್ ಹೆಚ್ಚು. ಎತ್ತರ ಮಾತ್ರ 10 ಸೆಂಟಿಮೀಟರಿಗೂ ಮೀರಿ ಕಡಿಮೆ. ಹಳೆಯದರಲ್ಲಿ ಲಾರಿಯವರ ಹಾಗೆ ಮೇಲೆ ಕುಳಿತು, ಬಾನೆಟ್ಟಿನ ಎರಡೂ ಮೂಲೆ ನೋಡಿಕೊಂಡು ಓಡಿಸಿದವರಿಗೆ ಹೊಸದರ ಅಂದಾಜು ಸಿಕ್ಕಲು ಕೆಲವು ವಾರ ಬೇಕಾಗುತ್ತದೆ.

ಘಾಟಿಯಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ನಿಮ್ಮದು 120 ಅಶ್ವಶಕ್ತಿ ಮತ್ತು 280 ನ್ಯೂಟನ್ ಮೀಟರ್ ಟಾರ್ಕಿನ (ಎಳೆಯುವ ಬಲದ) ಎಂಜಿನ್. ಎನ್‌ನ ಫೋರ್ ವೀಲ್ ಡ್ರೈವ್‌ನಲ್ಲಿ ಬರುವ ಡೀಸೆಲ್ ಎಂಜಿನ್ನಿನ ಶಕ್ತಿ 175 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿಯದೇ ಅಳತೆ). ಟಾರ್ಕ್ ಮ್ಯಾನ್ಯುಯಲ್‌ನಲ್ಲಿ 370, ಆಟೋಮ್ಯಾಟಿಕ್‌ನಲ್ಲಿ 400. ಶಿರಾಡಿ ಹತ್ತುವಾಗ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡು, ಎದುರಿನ ರಸ್ತೆ ಖಾಲಿ ಕಂಡ ಆ ಸ್ವಲ್ಪ ಹೊತ್ತಿನಲ್ಲಿ ಮುಂದೆ ಹೋಗಬೇಕಾದಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ತಿರುವುಗಳಲ್ಲಿ ಹಳೆಯದರ ಹಾಗೆ ವಾಲುವುದೂ ಇಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ನಮ್ಮ ಅತ್ತೆಯವರು ಈಗ ಮಂಗಳೂರಿನವರೆಗೆ ಮಾತನಾಡಿಕೊಂಡು ಬರುತ್ತಾರೆ. (ಅದು ಅನುಕೂಲವೋ ಅಲ್ಲವೋ ಎಂಬುದು ಬೇರೆ ಮಾತು.)

ಇಷ್ಟು ಹೊಗಳಿದ ಮೇಲೂ, ಕೂಡಲೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹೊಸದು ಚೆನ್ನಾಗಿದೆಯೇ ಎಂದು ಕೇಳಿದರೆ ಯಾರಾದರೂ ಹೌದು ಎನ್ನುತ್ತಾರೆ, ಅದರಿಂದ ತೀರ್ಮಾನಕ್ಕೆ ಬರಲಾಗುವುದಿಲ್ಲ. ನಿಮ್ಮ ಹಳೆಯ ವಾಹನದ ಕೊರತೆಗಳಲ್ಲಿ ಗ್ಯಾರೇಜಿನಲ್ಲಿ ತೀರುವವು ಯಾವುವು, ಎಷ್ಟು ಹಣ ಸುರಿದರೂ ತೀರದವು ಯಾವುವು ಎಂದು ಮೊದಲು ಬೇರ್ಪಡಿಸಬೇಕು. ನೀವು ಬರೆದಿರುವ ಶಾಕ್ ಅಬ್ಸಾರ್ಬರ್, ಕ್ಲಚ್, ಎಸಿ ಮೂರೂ ಗ್ಯಾರೇಜಿನ ಕೆಲಸಗಳು. ನನ್ನ ತಮ್ಮ ಕಳೆದ ವರ್ಷ ಇವೆಲ್ಲದರ ಜೊತೆಗೆ ಸಸ್ಪೆನ್ಷನ್ ಬುಶ್‌ಗಳನ್ನೂ ಬದಲಾಯಿಸಿ, ನಾಲ್ಕೂ ಟೈರು ಹೊಸದು ಹಾಕಿಸಿದ. ಒಟ್ಟು ಖರ್ಚು ಎರಡು ಲಕ್ಷ ದಾಟಲಿಲ್ಲ, ವಾಹನ ಮತ್ತೆ ಬಿಗಿಯಾಯಿತು. ಈ ಮೂರು ದೂರುಗಳಿಗಾಗಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹಣ ಹಾಕುವುದು ಅನವಶ್ಯಕ.

ಆದರೆ ನಿಮ್ಮ ಬರಹದಲ್ಲಿ ಮೊಮ್ಮಗಳ ಮಾತೂ ಬಂದಿದೆ. ಅಪಘಾತದಲ್ಲಿ ಒಳಗಿರುವವರನ್ನು ಕಾಯುವ ಗುಣ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ. ಅದು ಕಾರ್ಖಾನೆಯಿಂದಲೇ ಬರಬೇಕು. ನಾನು ಬದಲಾಯಿಸಿದ್ದು ಆ ಒಂದು ಕಾರಣಕ್ಕೆ. ನಿಮ್ಮ ಮನೆಯವರು ವರ್ಷದಲ್ಲಿ ಎಷ್ಟು ಹೊತ್ತು ಹೆದ್ದಾರಿಯ ಮೇಲಿರುತ್ತಾರೆ, ಅದರಲ್ಲಿ ರಾತ್ರಿ ಪ್ರಯಾಣ ಎಷ್ಟು ಎಂಬುದರ ಮೇಲೆ ನಿಮ್ಮ ಉತ್ತರ ನಿಲ್ಲುತ್ತದೆ.

ಬೆಂಗಳೂರಿನಿಂದ

ಸಕಲೇಶಪುರದವರ ಮಾತಿಗೆ ಒಂದಷ್ಟು ವಿವರ ಸೇರಿಸುತ್ತೇನೆ, ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕಿದೆ. 2016ರಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಐದು ಸ್ಟಾರ್‌ವರೆಗೆ ಅಂಕ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋವನ್ನು ಪರೀಕ್ಷಿಸಿದಾಗ ವಯಸ್ಕರ ರಕ್ಷಣೆಯಲ್ಲಿ ಅದಕ್ಕೆ ಸೊನ್ನೆ ಸ್ಟಾರ್ ಬಂದಿತ್ತು. 2022ರ ಕೊನೆಯಲ್ಲಿ ಅದೇ ಸಂಸ್ಥೆ ಸ್ಕಾರ್ಪಿಯೋ-ಎನ್‌ಗೆ ವಯಸ್ಕರ ರಕ್ಷಣೆಯಲ್ಲಿ ಐದು, ಮಕ್ಕಳ ರಕ್ಷಣೆಯಲ್ಲಿ ಮೂರು ಸ್ಟಾರ್ ಕೊಟ್ಟಿತು. ಜಾಹೀರಾತಿನಲ್ಲಿ ಐದು ಮಾತ್ರ ಕಾಣುತ್ತದೆ. ಮೊಮ್ಮಗಳಿಗಾಗಿ ಕೊಳ್ಳುವವರು ಮಕ್ಕಳ ರಕ್ಷಣೆಯ ಆ ಮೂರು ಸ್ಟಾರನ್ನೂ ನೋಡಬೇಕು.

ಇನ್ನೊಂದು ಸಂಗತಿ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗುವುದಿಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಅಂಥದೇ ಸಂಸ್ಥೆ ಎಎನ್‌ಕ್ಯಾಪ್ ಇದೇ ವಾಹನಕ್ಕೆ ಸೊನ್ನೆ ಸ್ಟಾರ್ ಕೊಟ್ಟಿತು. ಅಲ್ಲಿನ ಅಳತೆಗೋಲು ಬೇರೆ: ಎದುರಿಗೆ ಅಡ್ಡ ಬಂದದ್ದನ್ನು ಕಂಡು ತಾನಾಗಿ ಬ್ರೇಕ್ ಹಾಕುವಂಥ ವ್ಯವಸ್ಥೆಗಳಿಗೆ ಅಲ್ಲಿ ಹೆಚ್ಚಿನ ಅಂಕ, ಆಗ ಅವು ಈ ವಾಹನದಲ್ಲಿ ಇರಲಿಲ್ಲ. 2025ರಲ್ಲಿ ಮೇಲ್ದರ್ಜೆಯ ಆವೃತ್ತಿಗೆ ಚಾಲಕನಿಗೆ ನೆರವಾಗುವ ಎಡಾಸ್ ವ್ಯವಸ್ಥೆ ಬಂದಿದೆ. ಒಟ್ಟಿನಲ್ಲಿ ಎನ್ ನಿಮ್ಮ ಹಳೆಯದಕ್ಕಿಂತ ಬಹಳ ಸುರಕ್ಷಿತ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗೆಂದು ಸುರಕ್ಷತೆಯ ಕೊನೆಯ ಮಾತು ಅದೇ ಎಂದೂ ತಿಳಿಯಬಾರದು.

ಯಾವ ವಾಹನವನ್ನೇ ಇಟ್ಟುಕೊಳ್ಳಿ, ಮಗುವಿಗೆ ಚೈಲ್ಡ್ ಸೀಟ್ ಈ ವಾರವೇ ಕೊಳ್ಳಿ. ಎನ್‌ನಲ್ಲಿ ಅದನ್ನು ಬಿಗಿಯಲು ಐಸೋಫಿಕ್ಸ್ ಕೊಂಡಿಗಳಿವೆ. ಹಳೆಯದರಲ್ಲಿ ಬೆಲ್ಟಿನಿಂದ ಬಿಗಿಯುವ ಸೀಟು ಹಾಕಬಹುದು. ತೊಡೆಯ ಮೇಲೆ ಕೂರಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ತೀರ್ಥಹಳ್ಳಿಯಿಂದ

ಯಜಮಾನರೇ, ನಾನು ಡೀಸೆಲ್ ಗಾಡಿಗಳ ಕೆಲಸ ಮಾಡುವವನು, ಆದ್ದರಿಂದ ನನ್ನ ಮಾತು ಎಂಜಿನ್ನಿನ ಕಡೆಯಿಂದ. ಮನೆ, ತೋಟ, ಪೇಟೆ ಎಂದು ಏಳೆಂಟು ಕಿಲೋಮೀಟರಿನ ಓಡಾಟವೇ ಹೆಚ್ಚು ಎಂದು ಬರೆದಿದ್ದೀರಿ. ಇದರ ಬಗ್ಗೆ ಶೋರೂಮಿನಲ್ಲಿ ಯಾರೂ ಕೇಳಿರಲಾರರು. 2020ರ ಏಪ್ರಿಲ್‌ನಿಂದ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಜರಡಿ ಇರುತ್ತದೆ. ಮಸಿ ಅದರಲ್ಲಿ ಕೂಡಿಕೊಳ್ಳುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ಸಮನೆ ಸ್ವಲ್ಪ ದೂರ ಓಡಿದಾಗ ಆ ಮಸಿ ಸುಟ್ಟುಹೋಗಿ ಜರಡಿ ತಾನೇ ಶುದ್ಧವಾಗುತ್ತದೆ. ದಿನವೂ ತಣ್ಣಗಿನ ಎಂಜಿನ್ ಹಚ್ಚಿ, ಬಿಸಿಯಾಗುವ ಹೊತ್ತಿಗೆ ನಿಲ್ಲಿಸುವವರ ಗಾಡಿಯಲ್ಲಿ ಈ ಸುಡುವ ಕೆಲಸ ಪೂರ್ತಿಯಾಗುವುದಿಲ್ಲ, ಆಗ ಎಚ್ಚರಿಕೆ ದೀಪ ಹತ್ತುತ್ತದೆ. ಇದು ಯಾವುದೋ ಒಂದು ಕಂಪನಿಯ ದೋಷವಲ್ಲ, ಬಿಎಸ್-6 ಡೀಸೆಲ್‌ಗಳ ಸ್ವಭಾವವೇ ಹಾಗೆ. ಹೊಸದನ್ನು ಕೊಂಡರೆ ವಾರಕ್ಕೊಮ್ಮೆಯಾದರೂ ಚಿಕ್ಕಮಗಳೂರಿನವರೆಗೆ ಹೋಗಿಬರುವ ರೂಢಿ ಇಟ್ಟುಕೊಳ್ಳಬೇಕು. ನಿಮ್ಮ ಹಳೆಯ ಗಾಡಿಗೆ ಈ ರಗಳೆಯೇ ಇಲ್ಲ. ಗುಂಡಿ ಬಿದ್ದ ತೋಟದ ದಾರಿಯಲ್ಲಿ ದಿನವಿಡೀ ಮೊದಲ ಗೇರಿನಲ್ಲೇ ಓಡಾಡಿದರೂ ಅದಕ್ಕೆ ಬೇಸರವಿಲ್ಲ.

ಇಟ್ಟುಕೊಳ್ಳುವುದಾದರೆ, ಹಣ ಹಾಕುವ ಮೊದಲು ಗಾಡಿಯ ಪರೀಕ್ಷೆ ಮಾಡಿಸಿ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ಹೊಗೆ ಜೋರಾಗಿ ಉಗುಳುತ್ತದೆಯೇ ನೋಡಬೇಕು. ಇಂಜೆಕ್ಟರ್‌ಗಳಿಂದ ಡೀಸೆಲ್ ಎಷ್ಟು ವಾಪಸ್ ಬರುತ್ತದೆ ಎಂದು ಅಳೆಯಬೇಕು, ಟರ್ಬೊದ ದಂಡ ಅಲುಗುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಎಂಹಾಕ್‌ನಲ್ಲಿ ಟೈಮಿಂಗ್ ಬೆಲ್ಟ್ ಅಲ್ಲ, ಚೈನ್ ಇದೆ. ಕಾಲಕಾಲಕ್ಕೆ ಆಯಿಲ್ ಬದಲಾಯಿಸಿದ್ದರೆ ಅದರ ಚಿಂತೆ ಅಷ್ಟಾಗಿ ಬೇಡ, ಆದರೆ ಬೆಳಗ್ಗೆ ಹಚ್ಚಿದ ಕೂಡಲೇ ಸರಪಳಿಯ ಸದ್ದು ಕೇಳುತ್ತಿದ್ದರೆ ತಡಮಾಡಬಾರದು. ಇವೆಲ್ಲಕ್ಕಿಂತ ಮುಖ್ಯವಾಗಿ ಗಾಡಿಯನ್ನು ಲಿಫ್ಟಿಗೆ ಹಾಕಿಸಿ, ಚಾಸಿ ಮತ್ತು ಬಾಡಿ ಕೂರುವ ಜಾಗಗಳ ಮಣ್ಣು ತೊಳೆಸಿ ತುಕ್ಕು ನೋಡಿ. ಹತ್ತು ಮಳೆಗಾಲ ಕಂಡ ಮಲೆನಾಡಿನ ಗಾಡಿಗಳಲ್ಲಿ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ತಳ ಸೋತಿರುವುದನ್ನು ನಾನು ಎಷ್ಟೋ ನೋಡಿದ್ದೇನೆ. ಚಾಸಿ ತಿಂದುಹೋಗಿದ್ದರೆ ಕ್ಲಚ್ಚಿಗೂ ಎಸಿಗೂ ಒಂದು ರೂಪಾಯಿ ಹಾಕಬೇಡಿ, ಮಾರಿಬಿಡಿ.

ಹಾಸನದಿಂದ

ಹಣದ ಲೆಕ್ಕವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಇದ್ದ ಶೇ 50ರ ತೆರಿಗೆ ಶೇ 40ಕ್ಕೆ ಇಳಿದಿದೆ, ಅದು ಕೊಳ್ಳುವವರಿಗೆ ಅನುಕೂಲ. ಆದರೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಹತ್ತರಿಂದ ಇಪ್ಪತ್ತು ಲಕ್ಷದ ವಾಹನಕ್ಕೆ ಶೇ 17, ಇಪ್ಪತ್ತು ಲಕ್ಷ ಮೀರಿದರೆ ಶೇ 18. ಅದರ ಮೇಲೆ ಸೆಸ್ ಬೇರೆ. ಶೋರೂಮಿನ ಹಲಗೆಯ ಬೆಲೆಗೂ ಆನ್‌ರೋಡ್ ಬೆಲೆಗೂ ಲಕ್ಷಗಳ ಅಂತರ ಬರುವುದು ಇದರಿಂದಲೇ. ಈ ತೆರಿಗೆಯನ್ನು ನಿಮ್ಮ ಹಳೆಯ ವಾಹನಕ್ಕೆ ನೀವು ಒಮ್ಮೆ ಕಟ್ಟಿ ಮುಗಿಸಿದ್ದೀರಿ.

ವಿಮೆಯಲ್ಲಿ ಥರ್ಡ್ ಪಾರ್ಟಿ (ನಮ್ಮಿಂದ ಬೇರೆಯವರಿಗಾಗುವ ಹಾನಿಯ) ಕಂತು ಎಂಜಿನ್ನಿನ ಗಾತ್ರದ ಮೇಲೆ ನಿಗದಿಯಾಗುವುದರಿಂದ ಎರಡಕ್ಕೂ ಒಂದೇ. 1500 ಸಿಸಿ ಮೀರಿದ ಖಾಸಗಿ ಕಾರುಗಳಿಗೆ 2022ರಲ್ಲಿ ವರ್ಷಕ್ಕೆ 7,897 ರೂಪಾಯಿ ಎಂದು ಗೊತ್ತುಮಾಡಿದ್ದರು. ಸ್ವಂತ ಹಾನಿಯ ಭಾಗ ಮಾತ್ರ ಹೊಸದಕ್ಕೆ ಬಹಳ ಹೆಚ್ಚು.

ಹತ್ತು ವರ್ಷ ದಾಟಿದ ಡೀಸೆಲ್ ಓಡಿಸಲು ಬಿಡುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ; ಆ ಹತ್ತು ವರ್ಷದ ಮಾತು ದೆಹಲಿ ಸೀಮೆಗೆ ಸಂಬಂಧಿಸಿದ್ದು. ನಮ್ಮಲ್ಲಿ ಖಾಸಗಿ ವಾಹನದ ಆರ್‌ಸಿ (ನೋಂದಣಿ ಪತ್ರ) 15 ವರ್ಷ ನಡೆಯುತ್ತದೆ. ನಿಮ್ಮದಕ್ಕೆ 2030ರವರೆಗೆ ಕಾಲವಿದೆ. ಆಮೇಲೂ ಎಫ್‌ಸಿ (ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆದರೆ ಮಾರುವ ಯೋಚನೆ ಇದ್ದರೆ ಆ ಗಡುವು ಹತ್ತಿರವಾಗುವವರೆಗೆ ಕಾಯಬೇಡಿ. ಆರ್‌ಸಿಯಲ್ಲಿ ನಾಲ್ಕೈದು ವರ್ಷ ಉಳಿದಿರುವ ಫೋರ್ ವೀಲ್ ಡ್ರೈವ್ ಸ್ಕಾರ್ಪಿಯೋಗೆ ಮಲೆನಾಡಿನಲ್ಲೂ ಕೊಡಗಿನಲ್ಲೂ ಗಿರಾಕಿಗಳಿದ್ದಾರೆ, ಮತ್ತು ಶೋರೂಮಿನ ಎಕ್ಸ್‌ಚೇಂಜ್ ಬೆಲೆಗಿಂತ ನೇರವಾಗಿ ತೋಟದವರಿಗೆ ಮಾರಿದರೆ ಹೆಚ್ಚು ಸಿಗುವುದನ್ನು ನಮ್ಮ ಕಡೆ ಕಂಡಿದ್ದೇನೆ.

ಕುಶಾಲನಗರದಿಂದ

ಎನ್ ಕೊಳ್ಳುವ ಆಸೆಯಿಂದ ಹೋಗಿ ಬಿಟ್ಟು ಬಂದವನು ನಾನು. ನಮ್ಮ ಹಳೆಯದರ ಹಿಂದಿನ ಸಾಲು ಎದುರುಬದುರಿನದು. ಮಡಚಿದರೆ ಗೊಬ್ಬರದ ಚೀಲ, ಸ್ಪ್ರೇಯರು, ಕಳೆ ಯಂತ್ರ ಎಲ್ಲವೂ ಹಿಡಿಯುತ್ತವೆ. ಅಲ್ಲಿ ಬೆಲ್ಟ್ ಇಲ್ಲದ ಕಾರಣ ಜನರನ್ನು ಕೂರಿಸುವುದನ್ನು ಬಿಟ್ಟಿದ್ದೇವೆ. ಎನ್‌ನಲ್ಲಿ ಆ ಸಾಲು ಮುಂದಕ್ಕೆ ಮುಖ ಮಾಡಿದೆ. ಅಲ್ಲಿ ಜನ ಕೂತರೆ ಹಿಂದೆ ಸಾಮಾನಿಗೆ ಜಾಗವೇ ಇಲ್ಲವೆನ್ನಬೇಕು. ಜೊತೆಗೆ ನಮ್ಮ ತೋಟದ ಒಳದಾರಿಯ ಒಂದು ಕಲ್ಲುಸೇತುವೆಯ ಮೇಲೆ ಆ ಅಗಲ ನನಗೆ ಧೈರ್ಯ ಕೊಡಲಿಲ್ಲ. ಕೊನೆಗೆ ಹಳೆಯದನ್ನು ತೋಟಕ್ಕೆ ಉಳಿಸಿಕೊಂಡು, ಊರಿಂದೂರಿಗೆ ಹೋಗಲು ಪೆಟ್ರೋಲಿನ ಚಿಕ್ಕ ಕಾರೊಂದನ್ನು ಕೊಂಡೆವು. ಐದು ಸ್ಟಾರ್ ಪಡೆದ ಕಾರುಗಳು ಈಗ ಹತ್ತು ಲಕ್ಷದ ಆಸುಪಾಸಿನಲ್ಲೇ ಸಿಗುತ್ತವೆ. ತೀರ್ಥಹಳ್ಳಿಯವರು ಹೇಳಿದ ಜರಡಿಯ ತೊಂದರೆಯಿಂದಲೂ ಪಾರಾದೆವು.

ಕೇಳಿದವರು, ಮೂಡಿಗೆರೆ

ಎಲ್ಲರಿಗೂ ಕೃತಜ್ಞತೆಗಳು. ಚಿಕ್ಕ ಕಾರಿನ ಮಾತು ಮನೆಯಲ್ಲಿ ಸೊಸೆಗೆ ಹಿಡಿಸಿದೆ, ಮಗನಿಗೆ ಹಿಡಿಸಿಲ್ಲ. ಮೊದಲು ಹಳೆಯದನ್ನು ಲಿಫ್ಟಿಗೆ ಹಾಕಿಸಿ ತುಕ್ಕು ನೋಡಿಸುತ್ತೇನೆ. ತಳ ಗಟ್ಟಿಯಿದ್ದರೆ ದುರಸ್ತಿ, ಇಲ್ಲದಿದ್ದರೆ ಮಾರಾಟ ಎಂಬಲ್ಲಿಗೆ ಬಂದಿದ್ದೇನೆ. ಎನ್ ಅನ್ನು ಇನ್ನೊಮ್ಮೆ ಓಡಿಸಿ ನೋಡುವುದಾದರೆ ಏನನ್ನು ಗಮನಿಸಬೇಕು?

ಸಕಲೇಶಪುರದಿಂದ

ಸರ್, ಟೆಸ್ಟ್ ಡ್ರೈವ್ ಎಂದರೆ ಬೈಪಾಸಿನಲ್ಲಿ ಹೋಗಿ ಬರುವುದು ಎಂದೇ ಅವರ ರೂಢಿ. ನೀವು ವಾಹನವನ್ನು ಮನೆಗೆ ತರಲು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಮನೆಯವರೆಲ್ಲರನ್ನೂ, ಬೆಂಗಳೂರಿಗೆ ಹೋಗುವಾಗ ಒಯ್ಯುವ ಬ್ಯಾಗುಗಳನ್ನೂ ತುಂಬಿಕೊಂಡು, ಚಾರ್ಮಾಡಿಯ ಮೊದಲ ಕೆಲವು ತಿರುವುಗಳವರೆಗೆ ಹೋಗಿ ಬನ್ನಿ. ಮೂರನೆಯ ಸಾಲಿನಲ್ಲಿ ಮಗನನ್ನೇ ಕೂರಿಸಿ, ಅಭಿಪ್ರಾಯ ತಾನಾಗಿ ಬರುತ್ತದೆ. ಹಿಂದಿರುಗಿದ ಮೇಲೆ ನಿಮ್ಮ ಗೇಟಿನಲ್ಲಿ ಮುಂದಕ್ಕೂ ಹಿಂದಕ್ಕೂ ನೀವೇ ಒಮ್ಮೆ ತಿರುಗಿಸಿ. ಮುಂಗಡ ಕೊಡುವ ಮಾತನ್ನು ಇದೆಲ್ಲ ಆದ ಮೇಲೆ ಇಟ್ಟುಕೊಳ್ಳಿ, ಅದೇ ದಿನ ಮಾತ್ರ ಬೇಡ.