ಎರೆಮಣ್ಣಿನ ಅಂಗಳದಲ್ಲಿ ಕೃತಕ ಹುಲ್ಲು: ನೀರು ಬಸಿಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯ ನಮ್ಮ ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಎರೆಮಣ್ಣಿನ ಅಂಗಳವಿದೆ. ಕಳೆದ ವರ್ಷ ಗುತ್ತಿಗೆದಾರರೊಬ್ಬರು ನೆಲ ಸಮ ಮಾಡಿ, ಎರಡು ಇಂಚು ಮರಳು ಹರಡಿ, ಕೃತಕ ಹುಲ್ಲು ಹಾಸಿಕೊಟ್ಟರು. ಮಳೆಗಾಲದಲ್ಲಿ ಕಾಲಿಟ್ಟಲ್ಲೆಲ್ಲ ಕಪ್ಪು ನೀರು ಒಸರುತ್ತಿತ್ತು. ಬೇಸಿಗೆಯಲ್ಲಿ ನೆಲ ಬಿರಿದು ಹಾಸು ಅಲ್ಲಲ್ಲಿ ಕುಸಿಯಿತು. ಇನ್ನಷ್ಟು ಮರಳು ಹಾಕಿಸಿದರೆ ಸರಿಹೋದೀತೆ?

ಉತ್ತರ: ದಯವಿಟ್ಟು ಮರಳಿಗೆ ಮತ್ತೆ ಹಣ ಸುರಿಯಬೇಡಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಆದ್ದರಿಂದ ಅದರ ಮೇಲೆ ನೇರವಾಗಿ ಹರಡಿದ ಮರಳು ಮಳೆಯಲ್ಲಿ ಕೆಸರಿನೊಂದಿಗೆ ಕಲಸಿಹೋಗುತ್ತದೆ, ಬೇಸಿಗೆಯಲ್ಲಿ ಬಿರುಕುಗಳಿಗೆ ಇಳಿದುಬಿಡುತ್ತದೆ. ಹಾಸಿನ ತಳದಲ್ಲಿ ತೂತುಗಳಿದ್ದರೂ ಇಳಿದ ನೀರಿಗೆ ಮುಂದೆ ದಾರಿಯಿಲ್ಲ.

ಮೊದಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ, ಇಂಗೀತೆಂಬ ಆಸೆ ಬಿಟ್ಟು, ಹೊರಗೆ ಹರಿಸುವ ಏರ್ಪಾಡು ಮಾಡಲೇಬೇಕು. ಸುಮಾರು 8 ಇಂಚು ಮಣ್ಣು ತೆಗೆಸಿ, ತಳವನ್ನು ಮನೆಯ ಗೋಡೆಯಿಂದ ಆಚೆಗೆ, 20 ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಮಾಡಿಸಿ. ಇಳಿಜಾರಿನ ಕೊನೆಯಲ್ಲಿ ತೋಡು ತೆಗೆದು, 4 ಇಂಚು ವ್ಯಾಸದ, ಮೈಯಲ್ಲಿ ತೂತುಗಳಿರುವ ಪೈಪನ್ನು ಖಡಿಯ ನಡುವೆ ಕೂರಿಸಿ ಮಳೆನೀರಿನ ಗಟಾರಕ್ಕೆ ಬಿಡಿ. ಗಟಾರದ ತಳ ಪೈಪಿಗಿಂತ ಕೆಳಗಿದೆಯೇ ಎಂಬುದನ್ನು ಅಗೆಯುವ ಮೊದಲೇ ಅಳೆಯಿರಿ. ತಳದ ಮೇಲೆ, ನೀರನ್ನು ಇಳಿಯಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಖಡಿ ಕೆಸರಿನಲ್ಲಿ ಹೂತುಹೋಗುವುದಿಲ್ಲ. ಅದರ ಬದಲು ತಾಡಪಾಲು ಹಾಸುವವರಿದ್ದಾರೆ, ಅದಕ್ಕೆ ಒಪ್ಪಬೇಡಿ. ನೀರು ಅದರ ಮೇಲೆಯೇ ನಿಲ್ಲುತ್ತದೆ. ಬಟ್ಟೆಯ ಮೇಲೆ 20 ಎಂಎಂ ಖಡಿಯನ್ನು ಎರಡು ಪದರಗಳಲ್ಲಿ ದಮ್ಮಸು ಮಾಡಿಸಿ, ಮೇಲೆ ಒಂದಿಂಚು ಪುಡಿಯಿಲ್ಲದ ಸಣ್ಣ ಖಡಿ ಹರಡಿ.

ಪ್ರಶ್ನೆ: ಇಷ್ಟೆಲ್ಲ ಮಾಡುವ ಬದಲು ಕಾಂಕ್ರೀಟ್ ಹಾಕಿಸಬಹುದಲ್ಲವೇ? ಹಳೆಯ ಹುಲ್ಲನ್ನೇ ಮತ್ತೆ ಬಳಸಬಹುದೇ?

ಉತ್ತರ: ಎರೆಯ ಮೇಲೆ ನೇರವಾಗಿ ಹಾಕಿದ ತೆಳು ಕಾಂಕ್ರೀಟ್ ಮಣ್ಣು ಉಬ್ಬಿದಾಗ ಸೀಳುತ್ತದೆ, ಅದಕ್ಕೂ ಮಣ್ಣು ತೆಗೆದು ಗರಸು ತುಂಬಬೇಕಾಗುವುದರಿಂದ ಉಳಿತಾಯವೇನೂ ಆಗದು. ಹಳೆಯ ಹಾಸನ್ನು ಎತ್ತಿ, ಹಿಂಬದಿಯನ್ನು ಬ್ರಷ್‌ನಿಂದ ತೊಳೆದು, ಬಿಸಿಲಿಗೆ ಹಿಡಿದು ನೋಡಿ. ತೂತುಗಳಲ್ಲಿ ಬೆಳಕು ಕಂಡರೆ ಬಳಸಬಹುದು. ಮಣ್ಣು ಗಟ್ಟಿಯಾಗಿ ಕೂತಿದ್ದರೆ ಕಾಯಿಸಿದ ಮೊಳೆಯಿಂದ ಬಿಡಿಸಿ. ಕೆಲಸವನ್ನು ನವೆಂಬರ್‌ನಲ್ಲಿ, ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ, ಆದರೆ ಬಿರುಕು ಬಿಡುವ ಮೊದಲೇ ಹಿಡಿಯಿರಿ.