ಬಳ್ಳಾರಿಯಲ್ಲಿ ಸಿಗೋ ಸಾಮಾನಲ್ಲಿ ಹು ತಿಯು ಮಾಡೋಕೆ ಆಗುತ್ತಾ?

ಬಳ್ಳಾರಿ ಬಿಸಿಲು:
ದಕ್ಷಿಣ ವಿಯೆಟ್ನಾಂ ಕಡೆ ಹಂದಿ ಮೂಳೆಯ ತಿಳಿ ಸಾರಿಗೆ ಅಕ್ಕಿ ನೂಡಲ್ಸ್ ಹಾಕಿ ಕೊಡ್ತಾರಲ್ಲ, ಆ ಹು ತಿಯು ಈ ಭಾನುವಾರ ಮಾಡಬೇಕು ಅಂತಿದ್ದೇನೆ. ಮೂಳೆಗೆ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಒಣ ಸ್ಕ್ವಿಡ್ ಮಾತ್ರ ಎಲ್ಲೂ ಇಲ್ಲ. ಅದಿಲ್ಲದೆ ಆಗುತ್ತಾ? ಕುಕ್ಕರಲ್ಲಿ ಕೂಗಿಸಬಹುದಾ? ಶಾವಿಗೆ ನಡೆಯುತ್ತಾ?

ಸಿಂಧನೂರು ಅಕ್ಕ:
ಸ್ಕ್ವಿಡ್ ಬಿಡಪ್ಪ, ಒಣ ಸೀಗಡಿ ಸಾಕು. ಒಂದು ಹಿಡಿ ತೊಳೆದು, ತವೆ ಮೇಲೆ ಸ್ವಲ್ಪ ಹುರಿದು ಹಾಕು, ಮನೆಯೆಲ್ಲಾ ವಾಸನೆ ಬರುತ್ತದೆ, ಅತ್ತೆ ಇದ್ದರೆ ಮೊದಲೇ ಹೇಳಿಬಿಡು. ಕುಕ್ಕರ್ ಬೇಡ, ಸಾರು ಕದಡಿಹೋಗುತ್ತದೆ. ಒಂದು ಕೆಜಿ ಮೂಳೆಯನ್ನು ಮೊದಲು ಹತ್ತು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಮೂಳೆಗೆ ಅಂಟಿದ ನೊರೆ, ರಕ್ತ ಎಲ್ಲಾ ಹೋಗೋ ಹಾಗೆ ತೊಳೆದು, ಆಮೇಲೆ ಹೊಸದಾಗಿ ಮೂರು ಲೀಟರ್ ನೀರು ಹಾಕಿ ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಇಡು. ಮುಚ್ಚಳ ಹಾಕಬೇಡ. ತಳಮಳ ಕುದಿಯಲೂ ಬಾರದು. ಮೂಲಂಗಿ, ಸಣ್ಣ ತುಂಡು ಕಲ್ಲುಸಕ್ಕರೆ ಅದರಲ್ಲೇ ಬೇಯಲಿ. ಫಿಶ್ ಸಾಸ್ ಕೊನೆಗೆ, ರುಚಿ ನೋಡಿಕೊಂಡು.

ಕೊಪ್ಪಳ ಕಾಕಾ:
ಇಷ್ಟೇನಾ? ಚಕ್ಕೆ, ಲವಂಗ, ಶುಂಠಿ-ಬೆಳ್ಳುಳ್ಳಿ ಪೇಸ್ಟು ಹಾಕದೆ ಹಂದಿ ಸಾರು ಹೇಗ್ರೀ ತಿನ್ನೋದು?

ಸಿಂಧನೂರು ಅಕ್ಕ:
ಚಕ್ಕೆ ಲವಂಗ ಹಾಕಿದರೆ ಅದು ಫೋ, ಅಂದರೆ ವಿಯೆಟ್ನಾಂನ ಇನ್ನೊಂದು ನೂಡಲ್ಸ್ ಸಾರಿನ ದಾರಿ ಹಿಡಿಯುತ್ತದೆ ಕಾಕಾ. ಇದರ ಘಮ ಬರೋದು ಹುರಿದ ಬೆಳ್ಳುಳ್ಳಿಯಿಂದ. ಸಣ್ಣಗೆ ಹೆಚ್ಚಿ ಹಂದಿ ಕೊಬ್ಬಿನಲ್ಲೇ ಹೊಂಬಣ್ಣ ಬರೋವರೆಗೆ ಹುರಿದು, ಬಟ್ಟಲಿಗೆ ಮೇಲಿಂದ ಹಾಕಬೇಕು. ಕಂದಾದರೆ ಕಹಿ.

ಗಂಗಾವತಿ ಅಕ್ಕಿ:
ನಮ್ಮ ಕಡೆ ಹೊಸೆಯೋ ಗೋಧಿ ಶಾವಿಗೆ ಬೇಡವೇ ಬೇಡ, ಸಾರಲ್ಲಿ ಮುದ್ದೆಯಾಗುತ್ತದೆ. ಚಪ್ಪಟೆ ಅಕ್ಕಿ ನೂಡಲ್ಸ್ ಆನ್‌ಲೈನ್‌ನಲ್ಲಿ ಸಿಗುತ್ತವೆ. ತಣ್ಣೀರಲ್ಲಿ ಅರ್ಧ ತಾಸು ನೆನೆಸಿ, ತಿನ್ನೋ ಹೊತ್ತಿಗೆ ಕುದಿಯೋ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದರೆ ಆಯ್ತು. ಅಲ್ಲಿ ಮೆಕಾಂಗ್ ಬಯಲಿನ ಸಾ ದೆಕ್ ಊರು ಈ ನೂಡಲ್ಸ್‌ಗೇ ಹೆಸರುವಾಸಿ, ಭತ್ತದ ಸೀಮೆ ಅಲ್ವಾ. ಖೀಮಾ, ಬೇಯಿಸಿದ ಮಾಂಸದ ಹೋಳು, ಸೀಗಡಿ, ಮೊಳಕೆ ಕಾಳು, ನಿಂಬೆಹಣ್ಣು ಮೇಲಿಂದ. ಕಾಂಬೋಡಿಯಾದ ನಾಮ್ ಪೆನ್ ಕಡೆಯ ಬಗೆಯಲ್ಲಿ ಲಿವರ್, ಕ್ವೇಲ್ ಮೊಟ್ಟೆಯೂ ಇರುತ್ತವೆ.

ಬಳ್ಳಾರಿ ಬಿಸಿಲು:
ಥ್ಯಾಂಕ್ಸ್ ಅಕ್ಕ. ಈ ಬಿಸಿಲಲ್ಲಿ ಬಿಸಿ ಸಾರು ಕುಡಿಯೋದು ಹೇಗೆ ಅನ್ನೋದೊಂದೇ ಯೋಚನೆ.

ಗಂಗಾವತಿ ಅಕ್ಕಿ:
ಒಣ ಹು ತಿಯು ಮಾಡಿ. ನೂಡಲ್ಸ್‌ಗೆ ಸೋಯಾ ಸಾಸ್, ಬೆಳ್ಳುಳ್ಳಿ ಎಣ್ಣೆ ಕಲಸಿ ತಟ್ಟೆಯಲ್ಲಿ, ಸಾರು ಪಕ್ಕದ ಸಣ್ಣ ಬಟ್ಟಲಲ್ಲಿ. ಅಲ್ಲಿಯವರೂ ಹಾಗೆ ತಿನ್ನುತ್ತಾರೆ.